ಆಂಟಿಕೋಲಿನೆಸ್ಟರೇಸ್ ವಿಡಿಯೋ ಪಾಠ: ಮೊದಲರ್ಧ ಸೂಪರ್, ಟ್ರೀಟ್‌ಮೆಂಟ್‌ಗೆ ಬಂದಾಗ ಕೈಕೊಡ್ತು

ಇಂಟರ್ನ್‌ಶಿಪ್‌ಗೆ ಮುಂಚೆ ಫಾರ್ಮಕಾಲಜಿ ಒಂದ್ಸಲ ತಿರುವಿ ಹಾಕೋಣ ಅಂತ ದುಡ್ಡು ಕೊಟ್ಟು ತಗೊಂಡ ಆನ್‌ಲೈನ್ ಕೋರ್ಸ್ ಇದು, ಹೆಸರು ಬೇಡ ಬಿಡಿ. ಕೋಲಿನೆಸ್ಟರೇಸ್ ಇನ್ಹಿಬಿಟರ್ (ಕೋಲಿನೆಸ್ಟರೇಸ್ ಅನ್ನೋ ಎಂಜೈಮನ್ನ ತಡೆಯೋ ಔಷಧ, ವಿಷಗಳು) ಚಾಪ್ಟರ್ ಬಗ್ಗೆ ಮಾತ್ರ ಬರೀತೀನಿ, ಇದೊಂದನ್ನ ಮೂರು ಸಲ ನೋಡಿದೀನಿ, ಆಮೇಲೆ ಎಮರ್ಜೆನ್ಸಿಲಿ ಪೆಟ್ಟೂ ತಿಂದಿದೀನಿ.

ಮೆಕ್ಯಾನಿಸಂ ಹೇಳಿರೋದು ಮಾತ್ರ ಎ ಒನ್. ನರದ ಸಂದೇಶ ದಾಟಿಸೋ ಅಸೆಟೈಲ್‌ಕೋಲಿನ್ ಒಡೆಯೋ ಈ ಎಂಜೈಮ್ ಮೇಲೆ ಯಾರು ಎಷ್ಟೊತ್ತು ಕೂತ್ಕೋತಾರೆ ಅನ್ನೋ ಒಂದೇ ಎಳೆ ಹಿಡ್ಕೊಂಡು ಹೋಗ್ತಾರೆ. ಎಡ್ರೋಫೋನಿಯಂ ಬಂದ ಹಾಗೇ ಕೆಲವೇ ನಿಮಿಷದಲ್ಲಿ ಎದ್ದು ಹೋಗೋ ನೆಂಟ, ನಿಯೋಸ್ಟಿಗ್ಮಿನ್ ಪಿರಿಡೋಸ್ಟಿಗ್ಮಿನ್ ಕೆಲವು ಗಂಟೆ ಇದ್ದು ತಾವಾಗೇ ಹೊರಡ್ತವೆ, ಆರ್ಗನೋಫಾಸ್ಫೇಟ್ (ಕೆಲವು ಕೀಟನಾಶಕ, ನರ್ವ್ ಗ್ಯಾಸ್‌ಗಳ ಗುಂಪು) ಅಂದ್ರೆ ಮನೆ ಖಾಲಿ ಮಾಡದ ಬಾಡಿಗೆದಾರ. ಅವನನ್ನ ಎಬ್ಬಿಸೋಕೆ ಪ್ರಾಲಿಡಾಕ್ಸಿಮ್ (ಪ್ಯಾಮ್) ಬೇಕು, ಅದೂ 'ಏಜಿಂಗ್' ಆಗೋದ್ರೊಳಗೆ, ಅಂದ್ರೆ ವಿಷ ಎಂಜೈಮ್‌ಗೆ ಬಿಡಿಸೋಕಾಗದ ಹಾಗೆ ಅಂಟ್ಕೊಳ್ಳೋದ್ರೊಳಗೆ. ಡೈಮೀಥೈಲ್ ಗುಂಪಿನ ಕೀಟನಾಶಕ ಆದ್ರೆ ಏಜಿಂಗ್‌ನ ಹಾಫ್ ಲೈಫ್ (ಅರ್ಧದಷ್ಟು ಎಂಜೈಮ್‌ಗೆ ಹೀಗಾಗೋಕೆ ಹಿಡಿಯೋ ಹೊತ್ತು) ಸುಮಾರು 3.7 ಗಂಟೆ, ಡೈಈಥೈಲ್ ಆದ್ರೆ 33 ಗಂಟೆ ಹತ್ರ, ಸೋಮನ್ ಅನ್ನೋ ನರ್ವ್ ಗ್ಯಾಸ್‌ಗೆ ಬರೀ ಕೆಲವು ನಿಮಿಷ. ಪ್ಯಾಮ್ ಯಾಕೆ ಒಬ್ಬರಿಗೆ ಕೆಲಸ ಮಾಡತ್ತೆ ಇನ್ನೊಬ್ಬರಿಗೆ ಮಾಡಲ್ಲ ಅನ್ನೋದಕ್ಕೆ ಒಂದು ಕಾರಣ ಇಲ್ಲೇ ಸಿಕ್ತು ನಂಗೆ. ಫೈಸೋಸ್ಟಿಗ್ಮಿನ್ ಮೆದುಳಿಗೆ ಹೋಗತ್ತೆ, ಕ್ವಾಟರ್ನರಿ (ಯಾವಾಗ್ಲೂ ಚಾರ್ಜ್ ಹೊತ್ತ ಅಣು) ಆಗಿರೋ ನಿಯೋಸ್ಟಿಗ್ಮಿನ್ ಹೋಗಲ್ಲ, ಇದನ್ನೂ ಚೆನ್ನಾಗಿ ಹೇಳಿದಾರೆ.

ಎಡವಿರೋದು ಆರ್ಗನೋಫಾಸ್ಫೇಟ್ ವಿಷ ಸೇರಿದವರಿಗೆ ಕೊಡೋ ಅಟ್ರೋಪಿನ್ (ಜಾಸ್ತಿಯಾದ ಅಸೆಟೈಲ್‌ಕೋಲಿನ್‌ನ ಪರಿಣಾಮ ತಡೆಯೋ ಮದ್ದು) ಹತ್ರ. ಕಣ್ಣಿನ ಪಾಪೆ ಅಗಲ ಆಗೋವರೆಗೂ ಕೊಡ್ತಾ ಹೋಗಿ ಅಂತ ದಪ್ಪಕ್ಷರದಲ್ಲಿ ಒಂದು ಸ್ಲೈಡ್. ನಾನೂ ಅದನ್ನೇ ನಂಬ್ಕೊಂಡು ಮೊದಲ ಕೇಸಲ್ಲಿ ಟಾರ್ಚ್ ಹಿಡ್ಕೊಂಡು ಕಣ್ಣೇ ನೋಡ್ತಾ ನಿಂತಿದ್ದೆ, ಪೇಷಂಟ್ ಬಾಯಲ್ಲಿ ನೊರೆ, ಎದೆಯೆಲ್ಲಾ ಗೊರಗೊರ, ಸೀನಿಯರ್ ಸಿಸ್ಟರ್ ಬಂದು "ಡಾಕ್ಟ್ರೇ, ಕಣ್ಣು ಆಮೇಲೆ ನೋಡಿ, ಮೊದ್ಲು ಎದೆ ಕೇಳಿ" ಅಂದ್ರು. ಅಷ್ಟೇ ವಿಷಯ! ಇಲ್ಲಿ ಜೀವ ತೆಗೆಯೋದು ಶ್ವಾಸಕೋಶದಲ್ಲಿ ತುಂಬ್ಕೊಳ್ಳೋ ನೀರು, ಸಣ್ಣ ಪಾಪೆ ಅಲ್ಲ. ದೊಡ್ಡವರಿಗೆ 1ರಿಂದ 3 ಮಿಲಿಗ್ರಾಂ ಕೊಟ್ಟು, 5 ನಿಮಿಷ ನೋಡಿ, ಸಾಲದಿದ್ರೆ ಡೋಸ್ ಡಬಲ್ ಮಾಡ್ತಾ ಹೋಗೋದು, ಎದೆ ಕ್ಲಿಯರ್ ಆಗಿ, ಹಾರ್ಟ್ ರೇಟ್ 80 ದಾಟಿ, ಬಿಪಿ ಮೇಲೆ ಬರೋವರೆಗೆ. ಆಮೇಲೆ ಒಟ್ಟು ಕೊಟ್ಟಿದ್ದರ 10-20% ಗಂಟೆಗೆ ಇನ್‌ಫ್ಯೂಷನ್. ಜಾಸ್ತಿ ಆದ್ರೆ ಜ್ವರ, ಬಡಬಡಿಕೆ, ಹೊಟ್ಟೆಯ ಸದ್ದು ನಿಂತೋಗತ್ತೆ, ಆಗ ಇನ್‌ಫ್ಯೂಷನ್ ನಿಲ್ಲಿಸಿ ಕಾಯ್ಬೇಕು. ಇದ್ಯಾವುದೂ ವಿಡಿಯೋಲಿಲ್ಲ.

ಇನ್ನೊಂದು, ಕೊನೆಯ ಕ್ವಿಜ್‌ನಲ್ಲಿ 'ಟ್ಯಾಕಿಕಾರ್ಡಿಯಾ (ಹಾರ್ಟ್ ಜೋರಾಗಿ ಓಡೋದು) ಇದ್ರೆ ಅಟ್ರೋಪಿನ್ ಕೊಡಬಾರದು' ಅನ್ನೋದನ್ನ ಸರಿ ಉತ್ತರ ಅಂತ ಹಾಕಿದಾರೆ. ವಿಷದ ನಿಕೋಟಿನಿಕ್ ಎಫೆಕ್ಟ್‌ಗೆ (ಅಸೆಟೈಲ್‌ಕೋಲಿನ್ ಕೂರೋ ಒಂದು ಬಗೆಯ ರಿಸೆಪ್ಟರ್ ಮೂಲಕ ಆಗೋ ಪರಿಣಾಮ), ಆಕ್ಸಿಜನ್ ಕಮ್ಮಿಯಾಗಿದ್ದಕ್ಕೂ ಹಾರ್ಟ್ ಓಡ್ತಿರತ್ತೆ ಸ್ವಾಮಿ, ಅಷ್ಟಕ್ಕೇ ಅಟ್ರೋಪಿನ್ ನಿಲ್ಲಿಸಿದ್ರೆ ಹೇಗೆ. ಮೇಲ್ ಮಾಡ್ದೆ, 'ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ' ಅಂತ ಬಂತು, ಕ್ವಿಜ್ ಇನ್ನೂ ಹಾಗೇ ಇದೆ.

ಇಂಟರ್ಮೀಡಿಯೇಟ್ ಸಿಂಡ್ರೋಮ್‌ಗೆ ಒಂದೇ ಸಾಲು. ಪೇಷಂಟ್ ಸುಧಾರಿಸ್ಕೊಂಡ ಅಂತ ನಾವು ಉಸಿರು ಬಿಡೋ ಹೊತ್ತಿಗೆ, 1ರಿಂದ 4 ದಿನದೊಳಗೆ, ಕತ್ತು ಎತ್ತೋಕೆ ಆಗ್ತಿಲ್ಲ ಅಂತಾನೆ, ಆಮೇಲೆ ಉಸಿರಾಟದ ಸ್ನಾಯುಗಳೇ ಸೋಲ್ತವೆ. ಅಟ್ರೋಪಿನ್ ಇದಕ್ಕೆ ಏನೂ ಮಾಡಲ್ಲ, ವೆಂಟಿಲೇಟರೇ ಗತಿ. ದಿನಾ ದಿಂಬಿಂದ ತಲೆ ಎತ್ತಿಸಿ ನೋಡಿ ಅಂತ ಒಂದು ಮಾತು ಸೇರಿಸಿದ್ರೆ ಸಾಕಿತ್ತು. ಸಕ್ಸಿನೈಲ್‌ಕೋಲಿನ್ (ಸ್ನಾಯು ಸಡಿಲಿಸೋ ಮದ್ದು) ಕೊಟ್ಟು ಇಂಟ್ಯೂಬೇಟ್ ಮಾಡಿದ್ರೆ, ಅಂದ್ರೆ ಉಸಿರಿನ ಕೊಳವೆ ಹಾಕಿದ್ರೆ, ಪಾರ್ಶ್ವ ಬಡಿದ ಹಾಗೆ ಗಂಟೆಗಟ್ಟಲೆ ಮಲಗಿರ್ತಾರೆ, ಅದನ್ನ ಒಡೆಯೋ ಎಂಜೈಮ್ ಕೂಡ ಬ್ಲಾಕ್ ಆಗಿರತ್ತೆ ಅನ್ನೋದನ್ನ ಮಾತ್ರ ನೆನಪಿಟ್ಟು ಹೇಳಿದಾರೆ, ಅದಕ್ಕೆ ಒಂದು ಮಾರ್ಕ್ ಜಾಸ್ತಿ.

5ಕ್ಕೆ 3. ಪರೀಕ್ಷೆಗೆ ಧಾರಾಳವಾಗಿ ತಗೊಳ್ಳಿ, ವಾರ್ಡ್‌ಗೆ ಹೋಗೋರು ಅಟ್ರೋಪಿನ್ ಸ್ಲೈಡ್ ಬಂದ ತಕ್ಷಣ ವಿಡಿಯೋ ನಿಲ್ಲಿಸಿ ಸ್ಟೆತೋಸ್ಕೋಪ್ ಕೈಗೆ ತಗೊಳ್ಳಿ.