ಮಸ್ಟಾಂಗಿನ ಶಾಕ್ ಟವರ್ ಗಟ್ಟಿ ಮಾಡುತ್ತೇವೆಂದು ಪುಟ್ಟಿ ಮೆತ್ತಿ ಕಳಿಸಿದರು: ಹಳೆಯ ಗಾಡಿ ಇಟ್ಟುಕೊಂಡವರಿಗೆ ಎಚ್ಚರಿಕೆ

ಸ್ಯಾನ್ ಫ್ರಾನ್ಸಿಸ್ಕೋ ಬೇ ಪ್ರದೇಶದಲ್ಲಿ ಫೋರ್ಡ್ ಕಂಪನಿಯ ಹಳೆಯ ಮಸ್ಟಾಂಗ್, ಫಾಲ್ಕನ್ ಅಥವಾ ಕೂಗರ್ ಕಾರು ಇಟ್ಟುಕೊಂಡಿರುವ ಕನ್ನಡಿಗರು ಇದನ್ನು ದಯವಿಟ್ಟು ಪೂರ್ತಿ ಓದಬೇಕು. ಗಾಡಿಯ ಮುಂಭಾಗದ ಸಸ್ಪೆನ್ಷನ್ ಮತ್ತು ಚಾಸಿಯನ್ನು ಬಲಪಡಿಸಲು ಯಾರಿಗಾದರೂ ಕೊಡುವವರಿದ್ದರೆ, ಬೆಸುಗೆಯ ಮೇಲೆ ಬಣ್ಣ ಬೀಳುವ ಮೊದಲು ಅದನ್ನು ಕಣ್ಣಾರೆ ನೋಡದೆ ಉಳಿದ ಹಣ ಕೊಡಬೇಡಿ. ಹಾಗೆ ಕೊಟ್ಟ ಒಬ್ಬ ಅಂಗಡಿಯವನಿಂದ ನನಗೆ ಮೋಸವಾಗಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತಿದೆ, ಆದರೆ ಬರೆಯದಿದ್ದರೆ ಇದೇ ಮನುಷ್ಯ ಇನ್ನೊಬ್ಬರ ಗಾಡಿಗೂ ಇದನ್ನೇ ಮಾಡುತ್ತಾನೆ.

ನನ್ನದು 1967ರ ಮಸ್ಟಾಂಗ್ ಫಾಸ್ಟ್‌ಬ್ಯಾಕ್, 289 ಎಂಜಿನ್. ಅದರ ಗುರುತಿನ ಸಂಖ್ಯೆಯಲ್ಲಿ ‘ಆರ್’ ಅಕ್ಷರವಿದೆ. ಅಂದರೆ ಅದು ಫೋರ್ಡ್‌ನ ಸ್ಯಾನ್ ಹೋಸೆ ಕಾರ್ಖಾನೆಯಲ್ಲಿ ತಯಾರಾದದ್ದು. ಆ ಕಾರ್ಖಾನೆ ಇದ್ದದ್ದು ಮಿಲ್ಪಿಟಾಸ್‌ನಲ್ಲಿ, 1983ರಲ್ಲಿ ಮುಚ್ಚಿತು, ನಾವೆಲ್ಲ ಶಾಪಿಂಗಿಗೆಂದು ಹೋಗುವ ಗ್ರೇಟ್ ಮಾಲ್ ಈಗ ಅದೇ ಕಟ್ಟಡದಲ್ಲಿದೆ. ನಮ್ಮೂರಲ್ಲೇ ಹುಟ್ಟಿದ ಗಾಡಿಯನ್ನು ನಮ್ಮೂರಿನವನೇ ಹಾಳು ಮಾಡಿದ ಎಂಬುದು ನನ್ನ ಹೊಟ್ಟೆಯುರಿಗೆ ಇನ್ನೊಂದು ಕಾರಣ.

ಈ ಗಾಡಿಗಳ ಕಾಯಿಲೆ ಎಲ್ಲರಿಗೂ ಗೊತ್ತಿರುವಂಥದ್ದೇ. ಇವಕ್ಕೆ ಪ್ರತ್ಯೇಕ ಚಾಸಿ ಇಲ್ಲ, ತಗಡಿನ ಬಾಡಿಯೇ ಚಾಸಿ. ಮುಂದಿನ ಸ್ಪ್ರಿಂಗು ಅಪ್ಪರ್ ಕಂಟ್ರೋಲ್ ಆರ್ಮಿನ (ಚಕ್ರವನ್ನು ಬಾಡಿಗೆ ಜೋಡಿಸುವ ಮೇಲಿನ ತೋಳು) ಮೇಲೆ ಕುಳಿತು, ಎಂಜಿನ್ನಿನ ಎರಡೂ ಪಕ್ಕ ಗೋಪುರದಂತೆ ನಿಂತಿರುವ ತಗಡಿನ ಶಾಕ್ ಟವರಿನ ತಲೆಗೆ ಒತ್ತುವುದರಿಂದ, ರಸ್ತೆಯ ಪ್ರತಿ ಗುಂಡಿಯ ಪೆಟ್ಟೂ ನೇರವಾಗಿ ಆ ತಗಡಿಗೇ ಬೀಳುತ್ತದೆ. ಐವತ್ತು ವರ್ಷ ಪೆಟ್ಟು ತಿಂದ ಮೇಲೆ ಆರ್ಮಿನ ಬೋಲ್ಟುಗಳ ಸುತ್ತ ಬಿರುಕು ಬಿಡುತ್ತದೆ, ಎರಡೂ ಟವರುಗಳು ನಿಧಾನವಾಗಿ ಎಂಜಿನ್ನಿನ ಕಡೆಗೆ ವಾಲುತ್ತವೆ. ಫೋರ್ಡ್‌ನವರಿಗೂ ಇದು ತಿಳಿದಿತ್ತು. 428 ಕೋಬ್ರಾ ಜೆಟ್ ಮತ್ತು ಬಾಸ್ 302 ಎಂಬ ಹೆಚ್ಚು ಶಕ್ತಿಯ ಗಾಡಿಗಳಿಗೆ ಅವರೇ ಟವರುಗಳನ್ನು ಬಲಪಡಿಸಿ ಕಳಿಸುತ್ತಿದ್ದರು. ನನ್ನ ಗಾಡಿಯ ಎಡ ಟವರಿನಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಬಿರುಕಿತ್ತು, ಬಲಗಡೆ ಅದರ ಆರಂಭ ಕಾಣುತ್ತಿತ್ತು.

ಅಂಗಡಿಯವನು ಬರೆದುಕೊಟ್ಟ ಅಂದಾಜು ಓದಲು ಬಹಳ ಚೆನ್ನಾಗಿತ್ತು. ಎರಡೂ ಟವರುಗಳನ್ನು ಬರಿಯ ಲೋಹ ಕಾಣುವವರೆಗೆ ಉಜ್ಜುವುದು, ವಾಲಿದ್ದನ್ನು ಮೊದಲಿನ ಅಳತೆಗೆ ತರುವುದು, ಬಿರುಕನ್ನು ಕೊರೆದು ಬೆಸೆಯುವುದು, ಮೇಲೆ ಬಲವರ್ಧಕ ಪ್ಲೇಟು ಕೂರಿಸಿ ಸುತ್ತಲೂ ಬೆಸೆಯುವುದು, ಹಳೆಯ ತೆಳು ಬ್ರೇಸುಗಳ ಜಾಗದಲ್ಲಿ ಟವರುಗಳನ್ನು ಎಂಜಿನ್ ಕೋಣೆಯ ಹಿಂದಿನ ಗೋಡೆಗೆ ಬಿಗಿಯುವ ಒಂದೇ ತುಂಡಿನ ಎಕ್ಸ್‌ಪೋರ್ಟ್ ಬ್ರೇಸು ಮತ್ತು ಎರಡೂ ಟವರುಗಳ ನಡುವೆ ಅಡ್ಡಕ್ಕೊಂದು ಮೋಂಟೆ ಕಾರ್ಲೋ ಬಾರು ಹಾಕುವುದು, ಮಸ್ಟಾಂಗನ್ನು ರೇಸಿಗೆ ಸಜ್ಜುಗೊಳಿಸುತ್ತಿದ್ದ ಶೆಲ್ಬಿಯವರು 1965ರ ಜಿಟಿ350ಗೆ ಮಾಡಿದಂತೆ ಅಪ್ಪರ್ ಆರ್ಮಿನ ತೂತುಗಳನ್ನು ಒಂದಿಂಚು ಕೆಳಗಿಳಿಸುವುದು, ಕೊನೆಗೆ ಮುಂದಿನ ಮತ್ತು ಹಿಂದಿನ ಫ್ರೇಮ್ ರೈಲುಗಳನ್ನು ಸೇರಿಸುವ ಸಬ್‌ಫ್ರೇಮ್ ಕನೆಕ್ಟರುಗಳನ್ನು ಬೆಸೆಯುವುದು. ಒಟ್ಟು 4,800 ಡಾಲರ್, ಅರ್ಧ ಮುಂಗಡ. ಇಂಥ ಕೆಲಸಕ್ಕೆ ಅದು ಅನುಮಾನ ಬರುವಷ್ಟು ಅಗ್ಗವೂ ಅಲ್ಲ, ದುಬಾರಿಯೂ ಅಲ್ಲ. ನಡುವೆ ಫೋಟೋಗಳೂ ಬಂದವು: ಹೊಳೆಯುವ ಲೋಹ, ನಾಣ್ಯಗಳನ್ನು ಸಾಲಾಗಿ ಜೋಡಿಸಿಟ್ಟಂಥ ಬೆಸುಗೆ. ನಾನು ಆ ಫೋಟೋಗಳನ್ನು ನಾಲ್ಕು ಜನರಿಗೆ ಹೆಮ್ಮೆಯಿಂದ ತೋರಿಸಿಯೂ ಇದ್ದೆ.

ಗಾಡಿ ಕೈಗೆ ಬಂದಾಗ ಎಂಜಿನ್ ಕೋಣೆಯೆಲ್ಲ ಕರಿ ಬಣ್ಣದಲ್ಲಿ ಮಿರಮಿರ ಮಿಂಚುತ್ತಿತ್ತು. ಅಲೈನ್‌ಮೆಂಟಿಗೆ ಬೇರೆ ಅಂಗಡಿಗೆ ಒಯ್ದಾಗ ಬಣ್ಣ ಬಯಲಾಯಿತು. 1967ರಿಂದ ಈ ಗಾಡಿಗಳಲ್ಲಿ ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲುವ ಕೋನ) ಹೊಂದಿಸುವುದು ಲೋವರ್ ಆರ್ಮಿನ ಎಕ್ಸೆಂಟ್ರಿಕ್ ಬೋಲ್ಟನ್ನು ತಿರುಗಿಸಿ. ಅಲ್ಲಿನ ಹಿರಿಯ ಮೆಕ್ಯಾನಿಕ್ ಎಡಗಡೆಯ ಬೋಲ್ಟನ್ನು ಕೊನೆಯವರೆಗೆ ತಿರುಗಿಸಿದರೂ ಚಕ್ರದ ತಲೆ ಒಳಕ್ಕೇ ವಾಲಿಕೊಂಡಿತ್ತು. “ಟವರನ್ನು ನೇರ ಮಾಡಿಸಿದ್ದೀರಿ ಎಂದಿರಲ್ಲ?” ಎಂದು ಕೇಳಿದರು. ನಾನು ಫೋನಿನಲ್ಲಿದ್ದ ಫೋಟೋ ತೋರಿಸಿದೆ. ಅವರು ಅದನ್ನು ಹಿಗ್ಗಿಸಿ ನೋಡಿ, “ಇದು ನಿಮ್ಮ ಗಾಡಿ ಅಲ್ಲ” ಎಂದರು. ಫೋಟೋದಲ್ಲಿ ಅಪ್ಪರ್ ಆರ್ಮಿಗೂ ಟವರಿಗೂ ನಡುವೆ ಶಿಮ್ ಎಂಬ, ಅಳತೆ ಹೊಂದಿಸಲು ಸಂದಿನಲ್ಲಿಡುವ ತೆಳು ತಗಡುಗಳ ಕಟ್ಟು ಕಾಣುತ್ತಿತ್ತು. ಹಾಗೆ ಶಿಮ್ ಇಟ್ಟು ಅಲೈನ್‌ಮೆಂಟ್ ಮಾಡುತ್ತಿದ್ದದ್ದು 1966ರವರೆಗಿನ ಗಾಡಿಗಳಿಗೆ. ನಾಲ್ಕು ಜನರಿಗೆ ಹೆಮ್ಮೆಯಿಂದ ತೋರಿಸಿದ ಫೋಟೋ ಬೇರೆ ಯಾರದ್ದೋ ಗಾಡಿಯದ್ದು! ಆ ಕ್ಷಣದಲ್ಲಿ ನನ್ನ ಮುಖ ಹೇಗಿತ್ತೋ ತಿಳಿಯದು, ಆ ಮೆಕ್ಯಾನಿಕ್ ಮಾತ್ರ ಪಾಪ ಬೇರೆ ಕಡೆ ನೋಡಿದರು.

ಮುಂದೆ ಒಂದೊಂದಾಗಿ ಹೊರಬಿತ್ತು. ಬ್ರೇಸಿನ ಬೋಲ್ಟು ಬಿಚ್ಚಿದರೆ, ಅಗಲವಾದ ವಾಷರುಗಳ ಕೆಳಗೆ ಬ್ರೇಸಿನ ತೂತುಗಳನ್ನು ಅರದಿಂದ ಉಜ್ಜಿ ಉದ್ದ ಮಾಡಲಾಗಿತ್ತು. ಟವರುಗಳು ವಾಲಿದ್ದರೆ ಬ್ರೇಸು ಕೂರುವುದಿಲ್ಲ. ಟವರನ್ನು ತಳ್ಳಿ ಅಳತೆಗೆ ತರುವುದು ಕಷ್ಟ, ತೂತು ಉದ್ದ ಮಾಡುವುದು ಸುಲಭ. ಅವನು ಸುಲಭವಾದದ್ದನ್ನು ಮಾಡಿ ಮೇಲೆ ವಾಷರು ಮುಚ್ಚಿದ್ದ. ಅಂದರೆ ವಾಲಿದ ಟವರುಗಳನ್ನು ವಾಲಿದ ಜಾಗದಲ್ಲೇ ಬಿಗಿದು ಕಟ್ಟಲು ನಾನು ಹಣ ಕೊಟ್ಟಿದ್ದೇನೆ.

ಪ್ಲೇಟಿನ ಅಂಚಿನಲ್ಲಿ ಬೆಸುಗೆಯಂತೆ ಕಂಡದ್ದಕ್ಕೆ ಅಯಸ್ಕಾಂತ ಹಿಡಿದರೆ ಅಂಟಲಿಲ್ಲ, ಜಾರಿ ಕೆಳಗೆ ಬಿತ್ತು. ಕೆರೆದರೆ ಪುಟ್ಟಿ. ಪುಟ್ಟಿಯ ಅಡಿಯಲ್ಲಿ ಅಲ್ಲೊಂದು ಇಲ್ಲೊಂದು ಟ್ಯಾಕ್ (ಚುಕ್ಕಿಯಷ್ಟು ಬೆಸುಗೆ), ಅದೂ ಹಳೆಯ ಅಂಡರ್‌ಕೋಟಿಂಗ್ ತೆಗೆಯದೆ ಅದರ ಮೇಲೆಯೇ ಹಾಕಿದ್ದು, ಸುತ್ತಲೂ ಸುಟ್ಟ ಡಾಂಬರಿನ ಮಸಿ. ಪ್ಲೇಟು ಎಬ್ಬಿಸಿದರೆ ಕೆಳಗೆ ನನ್ನ ಹಳೆಯ ಬಿರುಕು ಇದ್ದ ಹಾಗೇ ಇತ್ತು. ಪೀಣ್ಯದ ಟೂಲ್‌ರೂಮಿನಲ್ಲಿ ಆಯುಷ್ಯ ಕಳೆದು ಈಗ ಇಲ್ಲಿ ಮಗಳ ಮನೆಯಲ್ಲಿರುವ ನಮ್ಮ ಪರಿಚಯದ ಹಿರಿಯರೊಬ್ಬರು ನೋಡಿ, “ಅಲ್ಲಯ್ಯಾ, ಇದಕ್ಕೂ ಡಾಲರ್ ಕೊಟ್ಟೆಯಾ? ನಮ್ಮಲ್ಲಿ ಕೆಲಸ ಕಲಿಯೋಕೆ ಬಂದ ಹುಡುಗ ಹೀಗೆ ಬೆಸೆದಿದ್ದರೆ ಮೇಸ್ತ್ರಿ ಸಂಜೆಯೊಳಗೆ ಮನೆಗೆ ಕಳಿಸ್ತಿದ್ದ” ಎಂದರು. ನಾನು “ಹೌದು ಸಾರ್” ಎಂದಷ್ಟೇ ಹೇಳಿದೆ. ಬೇರೆ ಏನು ಹೇಳಲಿ?

ಕನೆಕ್ಟರುಗಳದ್ದು ಇನ್ನೊಂದು ಕಥೆ. ಅವನ್ನು ಬೆಸೆಯುವಾಗ ಗಾಡಿಯ ಭಾರ ಚಕ್ರಗಳ ಮೇಲೆಯೇ ಇರಬೇಕು, ಬೆಸೆಯುವ ಮೊದಲು ಬಾಗಿಲುಗಳ ಸಂದು ಅಳೆದಿರಬೇಕು. ಇವನು ಎರಡು ಕಂಬದ ಲಿಫ್ಟಿನಲ್ಲಿ, ಮೂತಿ ಮತ್ತು ಬಾಲ ಜೋತುಬಿದ್ದ ಸ್ಥಿತಿಯಲ್ಲಿಯೇ ಬೆಸೆದಿದ್ದಾನೆ. ಅದನ್ನು ಅವನೇ ಬೇರೆ ಮಾತಿನ ನಡುವೆ ಬಾಯಿಬಿಟ್ಟ. ಈಗ ಚಾಲಕನ ಬಾಗಿಲಿನ ಸಂದು ಮೇಲೆ ಅಗಲ, ಕೆಳಗೆ ಕಿರಿದು. ಮುಚ್ಚಬೇಕಾದರೆ ಬಾಗಿಲನ್ನು ಎತ್ತಿ ತಳ್ಳಬೇಕು. ಹಿಂದೆ ಎರಡು ಬೆರಳಿನಲ್ಲಿ ಮುಚ್ಚುತ್ತಿದ್ದ ಬಾಗಿಲು ಅದು.

ಅವನ ಉತ್ತರಗಳನ್ನು ಹಾಗೆಯೇ ಕೊಡುತ್ತೇನೆ, ಯಾಕೆಂದರೆ ನಿಮಗೂ ಇವೇ ಉತ್ತರಗಳು ಸಿಗುತ್ತವೆ. ಕ್ಯಾಂಬರ್ ಬಗ್ಗೆ ಕೇಳಿದ್ದಕ್ಕೆ, “ಹಳೆಯ ಗಾಡಿ, ಹೊಸ ಗಾಡಿಯ ಅಳತೆ ಬರುವುದಿಲ್ಲ.” ತೂತುಗಳ ಬಗ್ಗೆ, “ಎಲ್ಲರೂ ಹಾಗೆಯೇ ಮಾಡುತ್ತಾರೆ.” ಪುಟ್ಟಿಯ ಬಗ್ಗೆ, “ನೋಡಲು ಚೆನ್ನಾಗಿರಲಿ ಎಂದು ಹಚ್ಚಿದ್ದು, ನಿಮಗೇ ಒಳ್ಳೆಯದು.” ಬಾಗಿಲಿನ ಬಗ್ಗೆ, “ಕಾರ್ಖಾನೆಯಿಂದ ಬಂದಾಗಲೂ ಹಾಗೇ ಇದ್ದಿರಬೇಕು.” ಫೋಟೋದ ಬಗ್ಗೆ ಬಂದ ಉತ್ತರವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ: “ಕೆಲಸ ಹೇಗಿರುತ್ತದೆ ಎಂದು ತಿಳಿಯಲಿ ಎಂದು ಕಳಿಸಿದ್ದು. ಅದು ನಿಮ್ಮ ಗಾಡಿ ಎಂದು ನಾನು ಎಲ್ಲಿ ಬರೆದಿದ್ದೇನೆ?” ನಿಜ, ಎಲ್ಲಿಯೂ ಬರೆದಿಲ್ಲ. ಸಂದೇಶಗಳನ್ನೆಲ್ಲ ತಿರುವಿ ನೋಡಿದೆ. “ಚೆನ್ನಾಗಿ ಬರುತ್ತಿದೆ” ಎಂದು ಮಾತ್ರ ಬರೆದಿದ್ದಾನೆ. ಅಷ್ಟು ಎಚ್ಚರಿಕೆಯಿಂದ ವಾಕ್ಯ ಬರೆಯಬಲ್ಲವನು ಅಷ್ಟೇ ಎಚ್ಚರಿಕೆಯಿಂದ ಬೆಸೆದಿದ್ದರೆ ಸಾಕಾಗಿತ್ತು.

ಹಣ ವಾಪಸು ಕೇಳಿದ್ದಕ್ಕೆ, “ಬೇರೆಯವರು ಬಿಚ್ಚಿ ನೋಡಿದ್ದಾರೆ, ಇನ್ನು ಜವಾಬ್ದಾರಿ ನನ್ನದಲ್ಲ” ಎಂದ. ಬಿಚ್ಚದೆ ಗೊತ್ತಾಗುವುದಾದರೂ ಹೇಗೆ?

ಆದ್ದರಿಂದ ಫೋಟೋ ಕೇಳುವುದಾದರೆ ನಿಮ್ಮ ನಂಬರ್ ಪ್ಲೇಟನ್ನು ಪಕ್ಕದಲ್ಲಿಟ್ಟು ತೆಗೆದದ್ದನ್ನೇ ಕೇಳಿ. ಬಣ್ಣಕ್ಕೆ ಮೊದಲು ಒಮ್ಮೆ ಅಂಗಡಿಗೆ ಹೋಗಿ, ಜೇಬಿನಲ್ಲಿ ಅಯಸ್ಕಾಂತ ಇರಲಿ. ಕನೆಕ್ಟರ್ ಬೆಸೆಯುವಾಗ ಗಾಡಿ ಯಾವುದರ ಮೇಲೆ ನಿಂತಿರುತ್ತದೆ ಎಂದು ಮೊದಲೇ ಕೇಳಿ. ಉತ್ತರಕ್ಕೆ ತಡವರಿಸಿದರೆ ಕೀಲಿ ತೆಗೆದುಕೊಂಡು ಹೊರಟುಬಿಡಿ. ಕ್ಯಾಲಿಫೋರ್ನಿಯಾದಲ್ಲಿ ರಿಪೇರಿ ಅಂಗಡಿಗಳು ಬ್ಯೂರೋ ಆಫ್ ಆಟೋಮೋಟಿವ್ ರಿಪೇರ್ ಎಂಬ ಸರ್ಕಾರಿ ಸಂಸ್ಥೆಯಲ್ಲಿ ನೋಂದಾಯಿಸಿಕೊಂಡಿರಬೇಕು, ಅಂದಾಜನ್ನು ಬರಹದಲ್ಲೇ ಕೊಡಬೇಕು. ಆ ಕಾಗದ ಜೋಪಾನ. ನಾನು ಅಲ್ಲಿ ದೂರು ಕೊಟ್ಟಿದ್ದೇನೆ. ಅದರಿಂದ ಹಣ ಬರದಿದ್ದರೆ ಸಣ್ಣ ಮೊತ್ತದ ವ್ಯಾಜ್ಯಗಳ ಕೋರ್ಟಿಗೆ ಹೋಗುತ್ತೇನೆ. ಅಲ್ಲಿ ವ್ಯಕ್ತಿಯೊಬ್ಬ 12,500 ಡಾಲರ್‌ವರೆಗೆ ದಾವೆ ಹೂಡಬಹುದು, ವಕೀಲರ ಖರ್ಚೂ ಇಲ್ಲ. ಈಗ ಬೇರೊಬ್ಬ ವೆಲ್ಡರ್ ಕನೆಕ್ಟರುಗಳನ್ನು ಕತ್ತರಿಸಿ ತೆಗೆಯಲು ಒಪ್ಪಿದ್ದಾರೆ, ಹಾಕಿಸುವುದಕ್ಕಿಂತ ತೆಗೆಸುವುದಕ್ಕೆ ಹೆಚ್ಚು ಕೇಳುತ್ತಿದ್ದಾರೆ. ದೂರು ಇತ್ಯರ್ಥವಾಗುವವರೆಗೆ ಅಂಗಡಿಯ ಹೆಸರನ್ನು ಇಲ್ಲಿ ಹಾಕುವುದಿಲ್ಲ. ಕಿತ್ತ ಪ್ಲೇಟು, ಉದ್ದ ತೂತಿನ ಬ್ರೇಸು, ಆ ವಾಷರುಗಳು ಎಲ್ಲವೂ ನನ್ನ ಗ್ಯಾರೇಜಿನಲ್ಲಿವೆ. ಇಂಥ ಕೆಲಸ ಮಾಡಿಸಲು ಹೊರಟವರು ಬಂದು ಕೈಯಲ್ಲಿ ಹಿಡಿದು ನೋಡಬಹುದು.