ರಾಗಿ ಬಿತ್ತೋಕೆ ಯಾರ ಮಾತು ಕೇಳೋದು: ಆ್ಯಪ್, ಕೃಷಿ ಕೇಂದ್ರ, ಪಕ್ಕದ ಹೊಲ

ಮಳೆ ಈಗ ಮೊದಲಿನ ಹಾಗೆ ಲೆಕ್ಕಕ್ಕೆ ಸಿಗುತ್ತಿಲ್ಲ. ಹೊಸದಾಗಿ ಬೇಸಾಯಕ್ಕೆ ಇಳಿದವರು ಯಾರಿಂದ ಕಲಿಯಬೇಕು?

ಹವಾಮಾನ ನೋಡಿ ಬೇಸಾಯದ ಸಲಹೆ ಕೊಡುವ ಮೇಘದೂತ್ ಆ್ಯಪ್ 2019ರಲ್ಲಿ ಬಂತು. ಪುಕ್ಕಟೆ, ಕನ್ನಡದಲ್ಲೂ ಇದೆ. ಮಂಗಳವಾರ, ಶುಕ್ರವಾರ ಸಲಹೆ ಬರುತ್ತದೆ. ಔಷಧಿ ಇವತ್ತು ಹೊಡೆಯೋದಾ, ನಾಳೆಯಾ ಅನ್ನೋದಕ್ಕೆ ಸಾಕು. ಆದರೆ ಅದು ಇಡೀ ಜಿಲ್ಲೆಗೆ ಹೇಳುವ ಮಾತು, ನಿಮ್ಮ ಹೊಲಕ್ಕಲ್ಲ.

ಕೃಷಿ ವಿಜ್ಞಾನ ಕೇಂದ್ರಕ್ಕೆ ಒಂದು ದಿನದ ಕೆಲಸ ಬಿಟ್ಟು ಹೋಗಬೇಕು. ಹೋಗಿ. ಬಿತ್ತನೆ ಆಗಸ್ಟ್‌ಗೆ ಜಾರಿದರೆ ಯಾವ ತಳಿ ಅಂತ ಕೇಳಿ. ಆಗ 120 ದಿನ ಬೇಡುವ ಎಂಆರ್ 6 ನಂಬಬಾರದು. 100 ದಿನದ ಆಸುಪಾಸಿಗೆ ಕೊಯ್ಲಿಗೆ ಬರುವ ಜಿಪಿಯು 48 ವಾಸಿ.

ನನಗೆ ಜಾಸ್ತಿ ಕಲಿಸಿದ್ದು ಪಕ್ಕದ ಹೊಲದ ಅಜ್ಜ. ಒಂದು ಹಿಡಿ ಮಣ್ಣನ್ನು ಅಂಗೈಯಲ್ಲಿ ಅದುಮಿ ಉಂಡೆ ಕಟ್ಟಿದರು. ಹೆಬ್ಬೆರಳಿಂದ ಒತ್ತಿದರು. ಪುಡಿಯಾಗಿ ಉದುರಿತು. "ಹದ ಬಂದೈತೆ, ಬಿತ್ತಪ್ಪ" ಅಂದರು. ರಾಗಿ ನಡುವೆ ಅಕ್ಕಡಿ ಸಾಲಿಗೆ, ಅಂದರೆ ಮಿಶ್ರ ಬೆಳೆಯ ಸಾಲಿಗೆ, ಅವರೆ, ಜೋಳ ಹಾಕಿಸಿದ್ದೂ ಅವರೇ. ಒಂದು ಕೈಕೊಟ್ಟರೆ ಇನ್ನೊಂದು ಇರುತ್ತೆ, ಅಲ್ವಾ? ಮೊದಲ ವರ್ಷಕ್ಕೆ ನಾನಾದರೆ ಇಂಥವರನ್ನೇ ಹಿಡಿಯುತ್ತೇನೆ. ತಳಿ ವಿಚಾರಕ್ಕೆ ಮಾತ್ರ ಅಜ್ಜನೂ ಕೇಂದ್ರಕ್ಕೇ ಫೋನ್ ಮಾಡಿಸುತ್ತಾರೆ.