ಹೆಬ್ಬೆರಳಿನ ತಾಳ, ಗೀರಿನ ತಾಳ: ಒಂದು ಎಲ್‌ಪಿ ಜೊತೆ ನಾಲ್ಕು ವರ್ಷ

ಅಮೆರಿಕದ ಬ್ಲೂಸ್ ಗಾಯಕ, ಗಿಟಾರ್ ವಾದಕ ಮಿಸಿಸಿಪ್ಪಿ ಜಾನ್ ಹರ್ಟ್ ಅವರ ‘ಟುಡೇ!’ ಎಲ್‌ಪಿ (ಗ್ರಾಮಫೋನ್ ತಟ್ಟೆ) ನನ್ನ ಹತ್ತಿರ ಬಂದು ನಾಲ್ಕು ವರ್ಷವಾಯಿತು. ವ್ಯಾನ್‌ಗಾರ್ಡ್ ಕಂಪನಿ 1966ರಲ್ಲಿ ಹೊರತಂದ ಆಲ್ಬಮ್; ನನಗೆ ಸಿಕ್ಕಿದ್ದು ಯಾರೋ ಬಳಸಿ ಬಿಟ್ಟ ಪ್ರತಿ, 2,600 ರೂಪಾಯಿಗೆ. ಗೀರಿಲ್ಲ ಎಂದು ಅಂಗಡಿಯವರೇ ಹೇಳಿದ್ದರು. ಮನೆಗೆ ತಂದು ಮುಳ್ಳು ಇಟ್ಟರೆ ಮೊದಲ ಹಾಡಿನಲ್ಲೇ ‘ಟಿಕ್’. ತಟ್ಟೆ ನಿಮಿಷಕ್ಕೆ 33⅓ ಸುತ್ತು ಹಾಕುತ್ತದೆ, ಅಂದರೆ 1.8 ಸೆಕೆಂಡಿಗೊಮ್ಮೆ ಆ ಸದ್ದು. ಹರ್ಟ್ ಅವರ ಹೆಬ್ಬೆರಳಿನದು ಒಂದು ತಾಳ, ಗೀರಿನದು ಇನ್ನೊಂದು. ಎರಡೂ ಕೂಡುವುದೇ ಇಲ್ಲ. ಡ್ರಮ್ಸ್ ಇರುವ ಹಾಡಾಗಿದ್ದರೆ ಮುಚ್ಚಿಹೋಗುತ್ತಿತ್ತೇನೋ. ಇಲ್ಲಿರುವುದು ಒಂದು ಗಿಟಾರ್, ಒಂದು ದನಿ. “ಸೆಕೆಂಡ್ ಹ್ಯಾಂಡ್ ಅಲ್ವಾ ಸಾರ್, ವಾಪಸ್ ತಗೊಳ್ಳಲ್ಲ” ಅಂದರು ಅಂಗಡಿಯವರು. ತಿಂಗಳುಗಟ್ಟಲೆ ಅದನ್ನು ಕಪಾಟಿನಿಂದ ತೆಗೆಯಲೇ ಇಲ್ಲ, ಅಷ್ಟು ಬೇಜಾರಾಗಿತ್ತು.

ಮತ್ತೆ ತೆಗೆದದ್ದು ಒಂದು ಭಾನುವಾರ ಬೆಳಿಗ್ಗೆ, ಎರಡನೇ ಬದಿಗಾಗಿ. ಆ ಬದಿ ಶುರುವಾಗುವುದು ‘ಕಾಫಿ ಬ್ಲೂಸ್’ನಿಂದ. ಅಂದಿನಿಂದ ಇದು ವಾರದ ರೂಢಿಯಾಗಿದೆ. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುತ್ತಿರುವಾಗ ತಟ್ಟೆ ತಿರುಗಲು ಬಿಟ್ಟು, ಧೂಳು ತೆಗೆಯಲು ಅದರ ಮೇಲೆ ಕಾರ್ಬನ್ ಬ್ರಶ್ ಹಿಡಿಯುತ್ತೇನೆ. ಮುಳ್ಳಿನ ತುದಿಯನ್ನು ಹಿಂದಿನಿಂದ ಮುಂದಕ್ಕೆ, ಒಂದೇ ದಿಕ್ಕಿನಲ್ಲಿ ಸವರುತ್ತೇನೆ. ಲಿವರ್ ಒತ್ತಿ ಮುಳ್ಳು ಇಳಿಸಿದರೆ ಕ್ಷಣಕಾಲ ಸರಸರ ಸದ್ದು, ಆಮೇಲೆ ಹರ್ಟ್ ಅಜ್ಜನ ಮಾತು. ಹಾಡುವ ಮೊದಲು ತನಗೆ ಯಾವ ಕಾಫಿ ಇಷ್ಟ ಅಂತ ಹೇಳಿಕೊಳ್ಳುತ್ತಾರೆ, ಎದುರಿಗೆ ಕೂತವರಿಗೆ ಹೇಳಿದ ಹಾಗೆ.

ಆಮೇಲೆ ಆ ಹೆಬ್ಬೆರಳು! ದಪ್ಪ ತಂತಿಗಳ ಮೇಲೆ ಒಂದರಿಂದ ಇನ್ನೊಂದಕ್ಕೆ ಹೋಗಿಬರುತ್ತಾ ಲಯ ಹಿಡಿದೇ ಇರುತ್ತದೆ. ಸಣ್ಣ ತಂತಿಗಳಲ್ಲಿ ಉಳಿದ ಬೆರಳುಗಳು ಹಾಡಿನ ಧಾಟಿಯನ್ನೇ ನುಡಿಸುತ್ತವೆ. ಕೆಲಸದ ನಡುವೆ ಫೋನಿನಲ್ಲಿ ಕೇಳುತ್ತಿದ್ದಾಗ ಇಬ್ಬರು ನುಡಿಸುತ್ತಿದ್ದಾರೆ ಅಂದುಕೊಂಡಿದ್ದೆ. ಇಲ್ಲಿ ಬದಿ ಮುಗಿಯುವವರೆಗೆ ಎದ್ದು ಹೋಗಲು ಮನಸ್ಸಾಗುವುದಿಲ್ಲ, ಅದಕ್ಕೇ ಒಂದೊಂದು ಬೆರಳೂ ಬಿಡಿಬಿಡಿಯಾಗಿ ಕೇಳಿಸಿತು.

ಹರ್ಟ್ 1928ರಲ್ಲಿ ಓಕೆ ಎಂಬ ರೆಕಾರ್ಡ್ ಕಂಪನಿಗಾಗಿ ಮೆಂಫಿಸ್ ಮತ್ತು ನ್ಯೂಯಾರ್ಕ್‌ನಲ್ಲಿ ಹಾಡಿದರು. ಆ ಪ್ಲೇಟುಗಳು ಹೆಚ್ಚು ಮಾರಾಟವಾಗಲಿಲ್ಲ. ಅವರು ಅವಲಾನ್ ಎಂಬ ತಮ್ಮೂರಿಗೆ ಮರಳಿ ಹೊಲದ ಕೆಲಸಕ್ಕಿಳಿದರು. 1963ರಲ್ಲಿ ಟಾಮ್ ಹಾಸ್ಕಿನ್ಸ್ ಎಂಬ ಬ್ಲೂಸ್ ಪ್ರೇಮಿ ಅವರನ್ನು ಹುಡುಕಿಕೊಂಡು ಬಂದದ್ದು, ಹಳೆಯ ಹಾಡೊಂದರಲ್ಲಿ ಆ ಊರಿನ ಹೆಸರಿತ್ತು ಎಂಬ ಒಂದೇ ಸುಳಿವಿನಿಂದ. ಅದೇ ವರ್ಷ ನ್ಯೂಪೋರ್ಟ್ ಜಾನಪದ ಸಂಗೀತ ಉತ್ಸವದಲ್ಲಿ ಹಾಡಿದರು. 1966ರಲ್ಲಿ ತೀರಿಕೊಂಡರು. 1928ರಿಂದ 1963ರವರೆಗಿನ ಮೂವತ್ತೈದು ವರ್ಷಗಳ ಕಹಿ ಈ ದನಿಯಲ್ಲಿ ಹುಡುಕಿದರೂ ಸಿಗುವುದಿಲ್ಲ. ಅವಸರವೂ ಇಲ್ಲ. ನನ್ನ ಸಿಟ್ಟು ಇಳಿದದ್ದು ಈ ದನಿಯಿಂದಲೇ.

ಅಬ್ಬರದ ಎಲೆಕ್ಟ್ರಿಕ್ ಬ್ಲೂಸ್ ಬೇಕಾದವರಿಗೆ ಇದು ಸಪ್ಪೆ ಅನ್ನಿಸಬಹುದು. ರಾತ್ರಿ ಸಣ್ಣ ದನಿಯಲ್ಲಿ ಕೇಳುವವರು ಧಾರಾಳವಾಗಿ ಕೊಳ್ಳಿ. ಹಳೆಯ ಪ್ರತಿಯಾದರೆ ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದು, ಹೊರ ಅಂಚನ್ನು ನೋಡಿದ ಮೇಲೇ ದುಡ್ಡು ಕೊಡಿ. ಮೊದಲ ಬದಿ ಹಾಕುವಾಗ ಈಗಲೂ ನಾನು ಮುಳ್ಳು ಇಡುವುದು ಎರಡನೇ ಹಾಡಿನ ಮೇಲೆ.